ಮೂರು ದಿನ ರಜೆ, ಒಂದು ಕೆರೆ, ಇನ್ನೂರು ಗಾಳ

ರಜೆ ಮುಗಿಸಿ ಕೆಲಸಕ್ಕೆ ಹೋದರೆ ನಮ್ಮ ಫ್ಯಾಕ್ಟರಿ ಗೇಟಿನ ಸೆಕ್ಯುರಿಟಿಯವರು "ಎಷ್ಟು ಮೀನು ಸಿಕ್ತು ಮೇಡಂ?" ಅಂತ ಕೇಳುವುದಿಲ್ಲ. "ಈ ಸಲ ಏನಾಯ್ತು ಮೇಡಂ?" ಅಂತಲೇ ಕೇಳುತ್ತಾರೆ. ಅವರು ಕೇಳೋದೂ ಸರಿಯೇ. ಹತ್ತು ವರ್ಷದಲ್ಲಿ ಏನೂ ಆಗದೆ ನಾನು ಕೆರೆಯಿಂದ ವಾಪಸ್ ಬಂದ ರಜೆ ಒಂದೂ ಇಲ್ಲ.

ನಾನು ಹುಟ್ಟಿದ್ದು ಅಮೃತಹಳ್ಳಿಯಲ್ಲಿ, ಅದು ಇನ್ನೂ ಹಳ್ಳಿಯಾಗಿದ್ದಾಗ. ಗಾಳ ಹಾಕೋದು ಕಲಿಸಿದ್ದು ನಮ್ಮ ತಾತ. ಈಗ ಮನೆ ಸಹಕಾರನಗರದಲ್ಲಿ, ಕೆಲಸ ಯಶವಂತಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ. ಬೋಲ್ಟು, ಪಿನ್ನುಗಳನ್ನು ಅಳೆದು ಪಾಸು ಫೇಲು ಮಾಡೋದು. ಮದುವೆಯಾಗಿದ್ದು ಗದಗಿನವರನ್ನ. ಕಾಲೇಜೊಂದರ ಆಫೀಸಿನಲ್ಲಿದ್ದಾರೆ. ಅವರ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹುಡುಗಿ ನೋಡಲು ಬಂದ ದಿನವೇ ನಾನು ಅವರಿಗೆ ಹೇಳಿಬಿಟ್ಟಿದ್ದೆ, "ಮೀನು ತಿನ್ನೋದು ಬೇಕಾದ್ರೆ ಬಿಡ್ತೀನಿ, ಹಿಡಿಯೋದು ಬಿಡಲ್ಲ." ಅವರು ಸ್ವಲ್ಪ ಯೋಚನೆ ಮಾಡಿ, "ತಿನ್ನೂದೂ ಬಿಡಬ್ಯಾಡ. ನನಗ ತಿನಸಬ್ಯಾಡ, ಅಷ್ಟ" ಅಂದರು. ಅವತ್ತೇ ಒಪ್ಪಿದೆ. ರಜೆ ಬಂತೆಂದರೆ ರಾಡ್ ಹಿಡಿದು ನಾನು ಮುಂದೆ, ಮಡಚೋ ಕುರ್ಚಿ, ಛತ್ರಿ, ಪೇಪರ್ ಹಿಡಿದು ಅವರು ಹಿಂದೆ. ಸಿಕ್ಕ ಮೀನು ನಮ್ಮ ಅಮ್ಮನ ಮನೆಗೆ.

ಕೆರೆ ಯಾವುದು ಅಂತ ಮಾತ್ರ ಹೇಳಲ್ಲ. ಹೆಬ್ಬಾಳದಿಂದ ಯಲಹಂಕದ ಆಚೆವರೆಗೂ ಕೆರೆಗಳಿಗೇನು ಬರವಿಲ್ಲ, ಅದರಲ್ಲೊಂದು. ಹೇಳಿದರೆ ಮುಂದಿನ ರಜೆಗೆ ನೀವೂ ಬರ್ತೀರಿ. ಈಗಲೇ ಅಲ್ಲಿ ಕಾಲಿಡೋಕೆ ಜಾಗ ಇಲ್ಲ. ಗುತ್ತಿಗೆದಾರರ ಹತ್ತಿರ ಚೀಟಿ ಮಾಡಿಸಿ ಗಾಳ ಹಾಕುವವರು, ವಾಕಿಂಗ್‌ನವರು, ಹಕ್ಕಿ ಫೋಟೋದವರು, ಮದುವೆಗೆ ಮುಂಚೆಯೇ ಆಲ್ಬಂ ಮಾಡಿಸುವವರು, ಅವರನ್ನೆಲ್ಲ ನೋಡಲು ಬಂದವರು. ಮೂರು ದಿನ ಸಾಲಾಗಿ ರಜೆ ಬಿದ್ದರಂತೂ ಮೀನಿಗಿಂತ ಗಾಳವೇ ಜಾಸ್ತಿ.

ಆಚೆ ದಡದ ದೊಡ್ಡ ಮೀನು

ವಿಮಾನ ನಿಲ್ದಾಣ ದೇವನಹಳ್ಳಿಗೆ ಬಂದ ವರ್ಷ. ಆಯುಧಪೂಜೆ ರಜೆ. ಏರಿ ಮೇಲೆ ಜಾಗ ಸಿಗದೆ ನಾನು ಕೆರೆಯ ಬಾಲದ ಕಡೆ ಹೋಗಿ ಕೂತಿದ್ದೆ. ಅಲ್ಲಿ ನೀರು ಕಾಲುವೆಯಷ್ಟೇ ಅಗಲ, ಎರಡೂ ದಡದಲ್ಲಿ ಜನ. ನನ್ನ ಪಕ್ಕದಲ್ಲಿ ಯಾವತ್ತಿನಂತೆ ಅಟ್ಟೂರಿನ ತಾತ. ಬಿದಿರು ಕಡ್ಡಿ, ತಂಗೂಸಿ ದಾರ, ಒಂದು ಕಟ್ಟು ಬೀಡಿ, ಇಷ್ಟರಲ್ಲೇ ಜೀವಮಾನವಿಡೀ ಮೀನು ಹಿಡಿದವರು.

ಹತ್ತು ಗಂಟೆ ಹೊತ್ತಿಗೆ ನನ್ನ ದಾರ ಭಾರವಾಯಿತು. ಎಳೆದೆ. ಅದೂ ಎಳೆಯಿತು. ಎದ್ದು ನಿಂತೆ.

"ಕಾಟ್ಲಾ ಮೇಡಂ! ಹತ್ತು ಕೆಜಿಗೆ ಕಡಿಮೆ ಇಲ್ಲ!" ಅಂತ ಹಿಂದಿನಿಂದ ಯಾರೋ ಕೂಗಿದರು. ಕ್ಷಣದಲ್ಲಿ ಜನ ಸೇರಿತು. "ಲೂಸ್ ಬಿಡಿ", "ಬಿಡ್ಬೇಡಿ", "ಸುತ್ತಿ ಸುತ್ತಿ", ಒಬ್ಬೊಬ್ಬರದು ಒಂದೊಂದು ಉಪದೇಶ. ಚುರುಮುರಿಯವನು ಗಾಡಿ ಬಿಟ್ಟು ಓಡಿ ಬಂದ. ನಮ್ಮವರು ಮೊದಲ ಸಲ ಪೇಪರ್ ಕೆಳಗಿಟ್ಟರು.

ಆಚೆ ದಡದಲ್ಲೂ ಜನ ಸೇರಿದ್ದರು. ನನ್ನನ್ನು ನೋಡೋಕೇ ನಿಂತಿದ್ದಾರೆ ಅಂತ ಇನ್ನೂ ಹುರುಪು ಬಂತು. ಅವರ ನಡುವೆ ಕಪ್ಪು ಕನ್ನಡಕ, ಟೋಪಿ ಹಾಕಿದ ಒಬ್ಬರು ಹೊಸ ರಾಡ್ ಹಿಡಿದು ಒದ್ದಾಡ್ತಿದ್ದರು. ಪಾಪ, ಅವರಿಗೂ ದೊಡ್ಡದೇ ಸಿಕ್ಕಿದೆ ಅಂದುಕೊಂಡೆ. ನಾನು ಎಳೆದರೆ ನಮ್ಮ ಕಡೆ ಚಪ್ಪಾಳೆ, ಸ್ವಲ್ಪ ಸಡಿಲ ಬಿಟ್ಟರೆ ಆ ಕಡೆ ಚಪ್ಪಾಳೆ. ಹೀಗೇ ಇಪ್ಪತ್ತು ನಿಮಿಷ.

ನಮ್ಮವರು ಮಾತ್ರ ಒಂದೇ ಸಮನೆ ಆಚೆ ದಡ ನೋಡ್ತಿದ್ದರು. ಕೊನೆಗೆ ನನ್ನ ಕಿವಿ ಹತ್ತಿರ ಬಂದು ಕೇಳಿದರು, "ಏ, ನೀ ಜಗ್ಗಿದಾಗೆಲ್ಲಾ ಆ ಮನಷ್ಯಾ ಯಾಕ ಬಗ್ಗತಾನ?"

ಅಷ್ಟರಲ್ಲಿ ನಾನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒಂದು ಎಳೆತ ಎಳೆದಾಗಿತ್ತು. ಆಚೆ ದಡದ ರಾಡ್ ಅವರ ಕೈಬಿಟ್ಟು ನೀರಿಗೆ ಹಾರಿ, ಈಜಿಕೊಂಡು ನೇರ ನನ್ನ ಕಾಲ ಹತ್ತಿರ ಬಂತು. ಹೊಸ ರೀಲ್, ಇನ್ನೂ ಪ್ಲಾಸ್ಟಿಕ್ ಕವರ್ ಕೂಡ ಕಿತ್ತಿರಲಿಲ್ಲ.

ಕೆರೆ ಸುತ್ತಿಕೊಂಡು ಓಡಿ ಬಂದ ಟೋಪಿಯವರು ಏದುಸಿರು ಬಿಡುತ್ತಾ, "ಮೇಡಂ... ಅದು... ನಂದು" ಅಂದರು.

ಅಟ್ಟೂರಿನ ತಾತ ರಾಡ್ ಎತ್ತಿ, ಕೈಯಲ್ಲಿ ತೂಗಿ ನೋಡಿ ಅವರಿಗೆ ಕೊಟ್ಟರು. "ಅರ್ಧ ಕೆಜಿ ಬತ್ತದೆ. ಒಳ್ಳೆ ಜಾತಿ ಸಾಮಿ, ಒಂದೂ ಮುಳ್ಳಿಲ್ಲ."

ನಗುವವರು

ಗಾಂಧಿ ಜಯಂತಿ ದಿನ ನಮ್ಮ ಕೆರೆಗೆ ಬರುವಷ್ಟು ಜನ ಬೇರೆ ಯಾವತ್ತೂ ಬರಲ್ಲ. ಅವತ್ತು ಮಾಂಸದಂಗಡಿ ಬಂದ್. ಅದಕ್ಕೇ ಹುಟ್ಟಿದಾಗಿನಿಂದ ಗಾಳ ಮುಟ್ಟದವರೂ ಪಾತ್ರೆ ಸಮೇತ ಬಂದುಬಿಡುತ್ತಾರೆ.

ಅಂಥ ಒಂದು ದಿನ ಆರ್.ಟಿ. ನಗರದ ಗ್ಯಾರೇಜ್ ಮಾಲೀಕರೊಬ್ಬರು ನನ್ನ ಬಲಗಡೆ ಕೂತಿದ್ದರು. ದೊಡ್ಡ ಮೀಸೆ, ಸಿಡುಕು ಮುಖ. ಆರು ಗಂಟೆಯಿಂದ ಕೂತರೂ ಏನೂ ಸಿಕ್ಕಿರಲಿಲ್ಲ. ಏಳೂವರೆಗೆ ಒಂದು ರೋಹು ಸಿಕ್ಕಿತು, ಒಳ್ಳೆ ತೋಳುದ್ದ. ದಡದವರೆಗೂ ತಂದರು. ಬಗ್ಗಿ ಕೈಗೆ ತಗೊಂಡರು. ಅದು ಒಂದು ಸಲ ಕೊಸರಿತು, ಇವರು ಕೆಸರಿನಲ್ಲಿ ಕೂತರು, ಮೀನು ನೀರಿಗೆ ಹೋಯಿತು.

ಸರಿಯಾಗಿ ಅದೇ ಕ್ಷಣಕ್ಕೆ ಅವರ ಬೆನ್ನ ಹಿಂದೆ ಮೂವತ್ತು ಜನ ಒಟ್ಟಿಗೆ, "ಹೋ ಹೋ, ಹಾ ಹಾ ಹಾ!"

ಏರಿ ಮೇಲೆ ಬೆಳಗ್ಗೆ ಸೇರುವ ನಗೆಕೂಟದವರು ಅವತ್ತಿನ ಅಭ್ಯಾಸ ಶುರುಮಾಡಿದ್ದರು, ಅಷ್ಟೇ. ಆದರೆ ಇವರಿಗೇನು ಗೊತ್ತು? ಪ್ಯಾಂಟಿನ ಕೆಸರಿನ ಸಮೇತ ಏರಿ ಹತ್ತಿದರು. "ಯಾಕ್ರೀ ನಗ್ತೀರಾ? ಏನ್ ಕಂಡು ನಗ್ತೀರಾ?"

ನಗೆಕೂಟದ ಗುರುಗಳು ಎರಡೂ ಕೈ ಚಾಚಿ ಎದುರುಗೊಂಡರು. "ಬನ್ನಿ ಸಾರ್, ಬನ್ನಿ. ಹೊಸಬರಾ? ಮೊದಲು ಕೈ ಮೇಲೆತ್ತಿ."

"ನಾನು ನಗೋಕೆ ಬಂದಿಲ್ಲ ಕಣ್ರೀ. ಜಗಳಕ್ಕೆ ಬಂದಿದ್ದೀನಿ."

"ಮೊದಮೊದಲು ಎಲ್ಲರೂ ಹಾಗೇ ಅಂತಾರೆ ಸಾರ್. ಈಗ ನಾಲಿಗೆ ಹೊರಗೆ ಹಾಕಿ, ಸಿಂಹದ ನಗು."

ಮೂವತ್ತು ಜನ ನಿವೃತ್ತರು ನಾಲಿಗೆ ಹೊರಗೆ ಹಾಕಿ ಅವರ ಮುಖಕ್ಕೇ ಸಿಂಹದ ಹಾಗೆ ನಕ್ಕರು. ಮೀಸೆ ಕೊನೆ ಮೊದಲು ನಡುಗಿತು. ಆಮೇಲೆ ಹೊಟ್ಟೆ. ಆಮೇಲೆ ಅವರು ನಕ್ಕ ನಗುವಿಗೆ ನೀರಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿಹೋದವು.

ಮುಂದಿನ ರಜೆಗೆ ನನ್ನ ಸರದಿ. ಒಳ್ಳೆಯ ಮೀನೊಂದು ದಡದಲ್ಲೇ ತಪ್ಪಿಸಿಕೊಂಡಿತು. ಹಿಂದೆ ಒಂದೇ ಒಂದು ಗಂಟಲು ಗಹಗಹಿಸಿತು. ತಿರುಗಿ ನೋಡಿದರೆ ನಗೆಕೂಟದ ಬಿಳಿ ಟೀ ಶರ್ಟ್ ಹಾಕಿಕೊಂಡು ಇದೇ ಗ್ಯಾರೇಜ್ ಮಾಲೀಕರು.

"ಅಭ್ಯಾಸ ಶುರುವಾಯ್ತಾ ಸಾರ್?" ಅಂದೆ.

"ಇಲ್ಲ ಮೇಡಂ, ಅದು ಏಳೂವರೆಗೆ. ಇದು ನನ್ ಸ್ವಂತದ್ದು."

ವಾಪಸ್ ಬಂದ ಗಣಪ

ಗೌರಿ ಗಣೇಶ ಆಗಿ, ಹಿಂದೆಯೇ ಶನಿವಾರ ಭಾನುವಾರ ಬಂದಿತ್ತು. ವಿಸರ್ಜನೆಗೆ ಬೇರೆ ಕಲ್ಯಾಣಿ ಇದ್ದರೂ ಕೆಲವರು ಕತ್ತಲೆಯಲ್ಲಿ ಕೆರೆಗೇ ಬಿಟ್ಟು ಹೋಗುತ್ತಾರೆ.

ಶನಿವಾರ ಬೆಳಗ್ಗೆ ಕೊಡಿಗೇಹಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಒಬ್ಬ, ನಮ್ಮ ಸಾಲಿನಲ್ಲೇ ಕೂರುವವನು, ಭಾರವಾದದ್ದೇನೋ ಎಳೆದ. ನೀರಿನಿಂದ ಬಂದದ್ದು ಗೇಣುದ್ದದ ಬಣ್ಣದ ಗಣಪ. ಸೊಂಡಿಲಿನ ಸುರುಳಿಗೆ ಗಾಳ ಸಿಕ್ಕಿತ್ತು.

"ವಾಪಸ್ ಎಸಿ ಮಗಾ" ಅಂದ ಅವನ ಗೆಳೆಯ.

ಅಟ್ಟೂರಿನ ತಾತ ಎದ್ದು ನಿಂತರು. "ಎಸೆಯಾಕೆ ಅದೇನ್ ಮರಿ ಮೀನಾ? ಬಂದವ್ನೆ ಅಂದ್ಮ್ಯಾಲೆ ಪೂಜೆ ಮಾಡಿ ಕಳ್ಸಬೇಕು. ಇಂಗೇ ಎಸೆದ್ರೆ ಇಡೀ ಕೆರೆಗೆ ಒಳ್ಳೇದಾಗಲ್ಲ."

ಎಲ್ಲರೂ ಚಪ್ಪಲಿ ಬಿಟ್ಟರು. ಪೂಜೆ ಯಾರು ಮಾಡೋದು? ತಾತ ಸುತ್ತ ಕಣ್ಣಾಡಿಸಿ, "ತಾನ ಮಾಡ್ಕಂಡು ಬಂದೋರು ಯಾರವ್ರೆ ಇಲ್ಲಿ?" ಅಂದರು. ಐದು ಗಂಟೆಗೆ ಜಾಗ ಹಿಡಿಯಲು ಓಡಿ ಬಂದವರಲ್ಲಿ ಸ್ನಾನ ಮಾಡಿದವರು ಯಾರಿರ್ತಾರೆ? ಮೀನನ್ನೂ ಮುಟ್ಟದೆ, ಎರೆಹುಳುವನ್ನೂ ಮುಟ್ಟದೆ, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದವರು ಒಬ್ಬರೇ. ಎಲ್ಲರ ಕಣ್ಣೂ ನಮ್ಮವರ ಮೇಲೆ ಬಿತ್ತು.

"ನನಗ ಮಂತ್ರ ಬರೂದಿಲ್ರಿ" ಅಂದರು ಅವರು.

"ಬರೋದು ಹೇಳಿ ಸಾರ್, ಅವನಿಗೆ ಎಲ್ಲಾ ಅರ್ಥ ಆಗತ್ತೆ" ಅಂದ ಮೊಬೈಲ್ ಅಂಗಡಿಯವನು.

ಏರಿ ಮೇಲೆ ಬೇಕಾದಷ್ಟು ಗರಿಕೆ ಇತ್ತು. ಚುರುಮುರಿ ಗಾಡಿಯಿಂದ ಪುರಿ, ಸೌತೆಕಾಯಿ ಬಂತು. ಕರ್ಪೂರ ಇಲ್ಲದ್ದಕ್ಕೆ ಲೈಟರ್ ಹಚ್ಚಿ ಮಂಗಳಾರತಿ. ನಮ್ಮವರು ಶಾಲೆಯಲ್ಲಿ ಕಲಿತ ಪ್ರಾರ್ಥನೆಯನ್ನೆಲ್ಲ ಹೇಳಿ, ಸಾಲದೆ ಕನ್ನಡ ವರ್ಣಮಾಲೆಯನ್ನೂ ಗಂಭೀರವಾಗಿ ಹೇಳಿದರು. ಆಮೇಲೆ ಮೆರವಣಿಗೆ. ನಲವತ್ತು ಜನ ರಾಡುಗಳನ್ನು ಬಾವುಟದ ಹಾಗೆ ಎತ್ತಿ ಹಿಡಿದು, ಗಾಳಕ್ಕೆ ಸಿಕ್ಕಿಸುವ ಹಿಟ್ಟಿನ ಡಬ್ಬಿ ಬಡಿಯುತ್ತಾ, ಗಣಪನನ್ನು ಏರಿಯ ಆ ತುದಿಯವರೆಗೆ ಕುಣಿಸಿಕೊಂಡು ಹೋಗಿ, ವಾಪಸ್ ಬಂದು ನೀರಿಗೆ ಬಿಟ್ಟೆವು. ಫೋಟೋ ತೆಗೆಸಿಕೊಳ್ಳಲು ಬಂದಿದ್ದ ವಧೂವರರೂ ಕುಣಿದರು.

ಅರ್ಧ ಗಂಟೆ ಆಗಿತ್ತು. ಮೊಬೈಲ್ ಅಂಗಡಿಯವನು ಮತ್ತೆ ಏನೋ ಎಳೆದ. ಅದೇ ಬಣ್ಣ, ಅದೇ ಸೊಂಡಿಲು, ಅದೇ ಸುರುಳಿ.

ಅವನು ಅಳುವ ದನಿಯಲ್ಲಿ, "ತಾತ, ಇವನು ನನ್ನ ಬಿಡ್ತಿಲ್ಲ" ಅಂದ.

ತಾತ ಗಾಳವನ್ನು ಹತ್ತಿರ ತಂದು ನೋಡಿದರು. "ಅವನ್ದೇನ್ ತಪ್ಪಿಲ್ಲ ಕಣಪ್ಪ. ನೀನ್ ಎರೆಹುಳ ಕಟ್ಟಿದ್ದೀಯ. ಅವನ ಇಲಿ ಎಳ್ಕಂಡ್ ಬತ್ತಾ ಅದೆ."

ಜ್ವರ ಎಷ್ಟಿತ್ತು

ಶುಕ್ರವಾರ ರಜೆ, ಭಾನುವಾರ ರಜೆ, ನಡುವೆ ಒಂದು ಶನಿವಾರ. ನಮ್ಮ ವಿಭಾಗದ ಮ್ಯಾನೇಜರ್ ಗುರುವಾರವೇ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು, "ಶನಿವಾರ ಯಾರಿಗೂ ಲೀವ್ ಇಲ್ಲ. ಸತ್ತರೂ ಬಂದು ಸಾಯಿರಿ."

ಶನಿವಾರ ಬೆಳಗ್ಗೆ ನಾನು ಆಫೀಸಿಗೆ ಫೋನ್ ಮಾಡಿ ಎರಡು ಸಲ ಕೆಮ್ಮಿ, ಜ್ವರ ಅಂತ ಹೇಳಿ ಕೆರೆಗೆ ಹೋದೆ.

ಏರಿ ಮೇಲೆ ನನ್ನ ಎಡಗಡೆ ಒಬ್ಬರು ಹೆಲ್ಮೆಟ್ ಹಾಕಿಕೊಂಡೇ ಕೂತಿದ್ದರು. ಗಾಜು ಕೂಡ ಕೆಳಗಿಳಿಸಿದ್ದರು. ಕೆರೆಗೆ ಎಂತೆಂಥವರೋ ಬರ್ತಾರೆ, ನಮಗ್ಯಾಕೆ ಅಂತ ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ನನ್ನ ಬೆಂಡು ಮುಳುಗಿತು. ಇನ್ನೂ ನುಂಗಲಿ ಅಂತ ಕಾಯ್ತಿದ್ದೆ. ಹೆಲ್ಮೆಟ್ಟಿನ ಒಳಗಿಂದ ದನಿ ಬಂತು.

"ಇನ್ನೂ ಏನ್ ನೋಡ್ತಿದ್ದೀರಾ? ಎಳೀರಿ! ಆಗ್ಲೇ ಲೇಟಾಗಿದೆ, ಎಳೀರಿ!"

ದಿನಕ್ಕೆ ಎಂಟು ಗಂಟೆ ಕೇಳುವ ದನಿ ಅದು. ಎಳೆದೆ. ಮೀನು ಬಂತು. ಹೆಲ್ಮೆಟ್ ನನ್ನ ಕಡೆ ತಿರುಗಿತು, ನಾನು ಹೆಲ್ಮೆಟ್ ಕಡೆ ತಿರುಗಿದೆ. ಇಬ್ಬರೂ ಮತ್ತೆ ನೀರಿನ ಕಡೆ ತಿರುಗಿದೆವು. ಸಂಜೆವರೆಗೂ ಗುರುತೇ ಇಲ್ಲದವರ ಹಾಗೆ ಕೂತೆವು. ಅವರಿಗೆ ಮೀನು ಬಿದ್ದಾಗ ನಾನು ಬಲೆ ಹಿಡಿದೆ, ನನಗೆ ಬಿದ್ದಾಗ ಅವರು ಹಿಡಿದರು. ಹೊರಡುವಾಗ ಒಂದೇ ತಕ್ಕಡಿಯಲ್ಲಿ ತೂಕ ಮಾಡಿಸಿಕೊಂಡು ಬೇರೆ ಬೇರೆ ದಾರಿಯಲ್ಲಿ ಹೋದೆವು.

ಸೋಮವಾರ ಜಿಎಂ ಸಾಹೇಬರು ರೌಂಡ್ಸಿಗೆ ಬಂದರು. ನಮ್ಮ ಮ್ಯಾನೇಜರ್ ಪಕ್ಕದಲ್ಲೇ ಇದ್ದರು. ಸಾಹೇಬರು ನನ್ನ ಟೇಬಲ್ ಹತ್ತಿರ ನಿಂತು, "ಶನಿವಾರ ಬಂದಿರಲಿಲ್ವಂತೆ?" ಅಂದರು.

"ಜ್ವರ ಸಾರ್."

"ಎಷ್ಟಿತ್ತು?"

ನನ್ನ ತಲೆಯಲ್ಲಿ ಇನ್ನೂ ಕೆರೆಯೇ ಇತ್ತು. "ಎರಡೂವರೆ ಕೆಜಿ ಸಾರ್" ಅಂದುಬಿಟ್ಟೆ.

ಕೆಲಸ ಹೋಯಿತು ಅಂದುಕೊಂಡೆ. ಸಾಹೇಬರು ನಿಧಾನವಾಗಿ ಮ್ಯಾನೇಜರ್ ಕಡೆ ತಿರುಗಿದರು. "ನಿಮಗೂ ಅವತ್ತು ಜ್ವರ ಇತ್ತಲ್ವಾ?"

ಗಾಳ ಹಾಕುವವರಿಗೆ ಒಂದು ರೋಗ ಇದೆ. ಪಕ್ಕದವರು ತೂಕ ಹೇಳಿದ ಮೇಲೆ ಸುಮ್ಮನಿರಲು ಆಗಲ್ಲ. ಮ್ಯಾನೇಜರ್ ತುಟಿ ಕಚ್ಚಿಕೊಂಡರು, ಮೇಲೆ ನೋಡಿದರು, ಕೆಳಗೆ ನೋಡಿದರು. ತಡೆಯಲಾಗಲಿಲ್ಲ.

"ನಂದು ಮೂರು ಸಾರ್."

ಪುಡಿ ಅವ್ವ

ನಮ್ಮ ಅತ್ತೆ ಗದಗಿನಲ್ಲಿರುತ್ತಾರೆ. ಅವರು ಮಾಡುವ ಶೇಂಗಾ ಚಟ್ನಿಪುಡಿಗೆ ಅವರ ಓಣಿಯಲ್ಲೇ ಸಾಟಿಯಿಲ್ಲ. ನಾನು ಮೀನು ಹಿಡಿಯೋ ವಿಷಯ ಮಾತ್ರ ಅವರಿಗೆ ಗೊತ್ತಿರಲಿಲ್ಲ. ಗಂಡ ಹೆಂಡತಿ ರಜೆ ದಿನ ಕೆರೆ ಮೇಲೆ ವಾಕಿಂಗ್ ಮಾಡ್ತಾರೆ ಅಂತ ಅವರ ನಂಬಿಕೆ. ಹೇಳೋಕೆ ನನಗೂ ಧೈರ್ಯ ಇರಲಿಲ್ಲ, ಮಗನಿಗಂತೂ ಮೊದಲೇ ಇರಲಿಲ್ಲ.

ಒಂದು ರಾಜ್ಯೋತ್ಸವದ ರಜೆ. ಇಡೀ ಕೆರೆಯಲ್ಲಿ ಯಾರಿಗೂ ಒಂದು ಮೀನೂ ಬಿದ್ದಿರಲಿಲ್ಲ. ನಮ್ಮವರು ಮಧ್ಯಾಹ್ನ ರೊಟ್ಟಿ, ಶೇಂಗಾ ಪುಡಿ ಬಿಚ್ಚಿ ತಿನ್ನುವಾಗ ಒಂದಿಷ್ಟು ಪುಡಿ ನೀರಿಗೆ ಚೆಲ್ಲಿತು. ಚೆಲ್ಲಿದ ಕಡೆ ನೀರು ಗುಳುಗುಳು ಅಂತು. ನಾನು ತಡಮಾಡದೆ ಅವರ ಡಬ್ಬಿ ಕಿತ್ತುಕೊಂಡು ಪುಡಿಯನ್ನೆಲ್ಲ ಹಿಟ್ಟಿಗೆ ಕಲಸಿದೆ. ಸಂಜೆವರೆಗೆ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಹತ್ತು ನಿಮಿಷಕ್ಕೊಂದು ಮೀನು, ಬರೀ ನನಗೆ.

ಅಲ್ಲಿಂದ ರಜೆ ಬಂದರೆ ಸಾಕು, "ಮೇಡಂ, ಒಂದು ಚಮಚ ಪುಡಿ" ಅಂತ ಸಾಲು. ನಮ್ಮವರು ಊರಿಗೆ ಫೋನ್ ಮಾಡೋದು, "ಅವ್ವಾ, ಪುಡಿ ತೀರೇತಿ." ಅತ್ತೆಗೆ ಹಿಗ್ಗೋ ಹಿಗ್ಗು. ತಿಂಗಳಿಗೆ ಒಂದು ಡಬ್ಬಿ ಇದ್ದದ್ದು ಮೂರಾಯಿತು. "ನನ್ನ ಬೆಂಗಳೂರು ಸೊಸಿಗೆ ನನ್ನ ಪುಡಿ ಇರಲಿಲ್ಲಂದ್ರ ತುತ್ತು ಇಳಿಯೂದಿಲ್ಲ" ಅಂತ ನೆಂಟರಿಗೆಲ್ಲ ಹೇಳಿಕೊಂಡು ಬಂದರು. ಕೇಳಿದಾಗೆಲ್ಲ ನಾನು ಮಾತು ಬದಲಿಸುತ್ತಿದ್ದೆ.

ಮೂರು ವರ್ಷ ಹೀಗೇ ನಡೆಯಿತು. ಒಂದು ದೀಪಾವಳಿಗೆ ಅತ್ತೆಯೇ ಯಶವಂತಪುರ ಸ್ಟೇಷನ್ನಿನಲ್ಲಿ ಬಂದಿಳಿದರು, ಐದು ಕೆಜಿ ಪುಡಿ ಸಮೇತ. ಮಾರನೇ ದಿನವೇ, "ನೀವು ಅಡ್ಡಾಡೂ ಕೆರಿ ನನಗೂ ತೋರಸ್ರಿ" ಅಂದರು. ಸೊಳ್ಳೆ ಅಂದೆ. ಜನ ಅಂದೆ. ಕೇಳಲಿಲ್ಲ. ದಾರಿಯಲ್ಲಿ ಯಾರಾದರೂ ಪರಿಚಯವಾದರೆ ಕೊಡೋಣ ಅಂತ ಸಣ್ಣ ಡಬ್ಬಿ ಪುಡಿ ಬೇರೆ ಚೀಲಕ್ಕೆ ಹಾಕಿಕೊಂಡರು.

ಏರಿ ಹತ್ತಿದ್ದೇ ತಡ, ಒಬ್ಬರು ಕೂಗಿದರು, "ಮೇಡಂ, ಇವತ್ತು ರಾಡ್ ಎಲ್ಲಿ?" ನಾನು ಕೇಳಿಸದವಳ ಹಾಗೆ ನಡೆದೆ. ನಾಲ್ಕು ಹೆಜ್ಜೆಗೆ ಇನ್ನೊಬ್ಬರು ಎದುರಿಗೇ ಬಂದು ನಿಂತರು. "ಮೇಡಂ, ಪುಡಿ ತಂದ್ರಾ?"

ಅತ್ತೆ ನಿಂತರು. "ಯಾವ ಪುಡಿ?"

"ಗದಗಿನ ಶೇಂಗಾ ಪುಡಿ ಅಮ್ಮ. ಅದಿಲ್ದಿದ್ರೆ ಇಲ್ಲಿ ಮೀನು ಬಾಯೇ ತೆಗೆಯಲ್ಲ."

ಅತ್ತೆ ನನ್ನನ್ನು ನೋಡಿದರು. ಮಗನನ್ನು ನೋಡಿದರು. ಮಗ ಹಕ್ಕಿ ನೋಡ್ತಿದ್ದರು. ಇನ್ನು ಮುಚ್ಚಿಡೋಕೆ ಏನೂ ಉಳಿದಿರಲಿಲ್ಲ.

"ಹೌದು ಅತ್ತೆ. ಗಾಳ ಹಾಕೋಳು ನಾನೇ. ಮೀನು ತಿನ್ನೋಳೂ ನಾನೇ. ನೀವು ಕಳಿಸಿದ ಪುಡಿ ಮೂರು ವರ್ಷದಿಂದ ಈ ಕೆರೆಗೇ ಬಂದಿದೆ. ತಪ್ಪಾಯ್ತು" ಅಂದೆ. ಕಣ್ಣಲ್ಲಿ ನೀರು ಬಂದೇಬಿಟ್ಟಿತ್ತು.

ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಎದುರಿಗಿದ್ದವರಿಗೆ ವಿಷಯ ಅರ್ಥವಾಗಿತ್ತು. ಅವರು ತಿರುಗಿ ಗಂಟಲು ಹರಿಯುವಂತೆ ಕೂಗಿದರು, "ಗುರೂ, ಪುಡಿ ಅಮ್ಮ ಬಂದಿದ್ದಾರೆ!"

ಸುದ್ದಿ ಏರಿಯ ಉದ್ದಕ್ಕೂ ಓಡಿತು. ಕೂತಿದ್ದವರೆಲ್ಲ ಎದ್ದರು. ಒಬ್ಬರು ಕುರ್ಚಿ ತಂದರು, ಒಬ್ಬರು ಎಳನೀರು ತಂದರು, ಇಬ್ಬರು ಕಾಲಿಗೇ ಬಿದ್ದರು. ಅತ್ತೆ ಸೆರಗು ತಲೆ ಮೇಲೆ ಎಳೆದುಕೊಂಡು ಕೂತರು. ಹತ್ತಿರದವರನ್ನು ಕೇಳಿದರು, "ಬರೇ ನನ್ನ ಪುಡಿಗೆ ಬರತಾವೋ, ಬ್ಯಾರೆಯವರ ಪುಡಿಗೂ ಬರತಾವೋ?"

"ಅಂಗಡಿದೂ ಹಾಕಿ ನೋಡಿದ್ವಿ ಅಮ್ಮ. ಮೂಸಿ ಕೂಡ ನೋಡಲಿಲ್ಲ."

ಅತ್ತೆಯ ಮುಖ ಅರಳಿತು. ಆಮೇಲೆ ನನ್ನ ಕಡೆ ತಿರುಗಿದರು. "ಮೀನ ತಿನ್ನೂದು ಬಿಡೂದು ನಿನಗ ಬಿಟ್ಟದ್ದು, ನಾ ಕೇಳೂದಿಲ್ಲ. ಆದ್ರ ಪುಡಿ ತೋರಿಸಿ ಹಿಡೀತೀಯಲ್ಲ, ಅದು ಊಟಕ್ಕ ಕರದು ಹೊಡದಂಗ ಆಕ್ಕತಿ. ಇವತ್ತ ಹಬ್ಬ. ಒಂದ ಸಲಾರ ಅವು ನೆಮ್ಮದಿಲೆ ಉಣ್ಣಲಿ."

ಚೀಲದಿಂದ ಡಬ್ಬಿ ತೆಗೆದು, ನೀರಿನ ಅಂಚಿಗೆ ಹೋಗಿ, ಒಂದು ಹಿಡಿ ಪುಡಿ ಎರಚಿದರು. ಕೆರೆ ಕುದಿಯತೊಡಗಿತು. ಅಷ್ಟು ಮೀನು ಆ ಕೆರೆಯಲ್ಲಿದೆ ಅಂತ ನನಗೂ ಗೊತ್ತಿರಲಿಲ್ಲ. ನಾಲ್ಕೂ ದಿಕ್ಕಿನಿಂದ ಜನ ರಾಡ್ ಹಿಡಿದು ಓಡಿ ಬಂದರು.

"ಏ! ಯಾರೂ ಗಾಳ ಹಾಕಬ್ಯಾಡ್ರಿ! ಅವು ಉಣ್ಣಾಕತ್ತಾವ, ಕಾಣೂದಿಲ್ಲೇನು?"

ರಜೆ ದಿನ ಆ ಕೆರೆಯಲ್ಲಿ ಪೊಲೀಸರ ಮಾತೂ ನಡೆಯಲ್ಲ. ಅವತ್ತು ಇನ್ನೂರು ಗಾಳ ಒಟ್ಟಿಗೆ ನೀರಿನಿಂದ ಮೇಲೆ ಬಂದವು. ಡಬ್ಬಿ ಖಾಲಿಯಾಗುವವರೆಗೆ ಎಲ್ಲರೂ ಬಡಿಸುವ ಮನೆಯವರ ಹಾಗೆ ಕೈಕಟ್ಟಿ ನಿಂತರು. ಕೊನೆಗೆ ಅತ್ತೆ ಕೈ ಕೊಡವಿ, "ಆತು, ಇನ್ನ ನಿಮ್ಮ ನಿಮ್ಮ ನಸೀಬಾ" ಅಂದು ನನ್ನ ಪಕ್ಕ ಬಂದು ಕೂತು, ನನ್ನ ಕೈ ಹಿಡಿದುಕೊಂಡರು.

ಸಂಜೆವರೆಗೂ ಯಾರ ಗಾಳಕ್ಕೂ ಒಂದು ಮೀನೂ ಬೀಳಲಿಲ್ಲ. ಕತ್ತಲಾಗುವ ಮುಂಚೆ ಗುತ್ತಿಗೆದಾರರು ಬಂದು, ಖಾಲಿ ಬುಟ್ಟಿಗಳನ್ನು ನೋಡಿ ಗಾಬರಿಯಾದರು. "ಏನಾಯ್ತ್ರೀ ಇವತ್ತು? ನೀರೇನಾದ್ರೂ ಕೆಟ್ಟೋಯ್ತಾ?"

ಅತ್ತೆ ಕುರ್ಚಿಯಿಂದ ಏಳದೆಯೇ ಹೇಳಿದರು, "ನೀರಿಗೇನೂ ಆಗಿಲ್ರಿ. ಹಬ್ಬದ ಊಟ ಆಗೇತಿ, ಮಲಗ್ಯಾವ."